‘ಗುಡ್’ ಎಂಬ ಮಹನೀಯರಿಗೆ, ಬೀಗದಂಗಡಿಯಿಂದ

ಸಕಲ ನಿಘಂಟುಗಳಲ್ಲೂ ಮೂಲೆ ನಿವೇಶನದಂಥ ವಿಶಾಲ ಜಾಗ ಹಿಡಿದು ಕೂತಿರುವ, ಇಂಗ್ಲಿಷ್ ಭಾಷೆಯ ಅತಿ ಹಿರಿಯ ನೌಕರರಾದ ಮಾನ್ಯ ‘ಗುಡ್’ ಪದದವರ ಸನ್ನಿಧಾನಕ್ಕೆ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೀಗ ರಿಪೇರಿ ಮಾಡಿಕೊಂಡಿರುವ ನಾನು, ಕೀಲಿಕೈ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಎದ್ದು ನಿಂತು ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಧೈರ್ಯ ನನಗಿಲ್ಲ, ಏಕೆಂದರೆ ಕ್ಷೇಮ ಎಂಬುದೂ ತಮ್ಮದೇ ಒಂದು ಅರ್ಥವಂತೆ. ತಮಗಿರುವುದು ನಾಲ್ಕೇ ಅಕ್ಷರ, ಅದರಲ್ಲೂ ನಡುವಿನ ಎರಡು ನೋಡಲು ಬರೀ ಸೊನ್ನೆ. ಇಷ್ಟು ಕಡಿಮೆ ಬಂಡವಾಳದಲ್ಲಿ ಬೆಳಗಿನ ನಮಸ್ಕಾರದಿಂದ ಹಿಡಿದು ಮಕ್ಕಳ ಕಾಪಿ ಪುಸ್ತಕದ ಅಂಚಿನವರೆಗೂ ವ್ಯವಹಾರ ಹಬ್ಬಿಸಿರುವ ತಮ್ಮ ಸಾಮರ್ಥ್ಯವನ್ನು ಕಂಡರೆ ನನ್ನಂಥ ಬುದ್ಧಿವಂತನಿಗೂ ತಲೆ ಬಾಗುತ್ತದೆ.

ನನ್ನ ಪರಿಚಯ ತಮಗೆ ಇದ್ದೇ ಇರುತ್ತದೆ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯನ್ನು ಬೇರೆಯವರಂತೆ ಅವಸರದಲ್ಲಿ ಒಂದೇ ವರ್ಷಕ್ಕೆ ಮುಗಿಸದೆ, ಎರಡು ವರ್ಷ ಕೂತು ಪೂರ್ತಿಯಾಗಿ ಓದಿದವನು ನಾನು. ಹೀಗಾಗಿ ನಮ್ಮ ಬೀದಿಯ ಇಂಗ್ಲಿಷ್ ನನ್ನ ಕೈಯಲ್ಲಿದೆ. ಇಲ್ಲಿ ಯಾರು ಎಲ್ಲಿ ಕೆಲಸಕ್ಕೆ ಸೇರಬೇಕಾದರೂ ಅವರನ್ನು ಬಲ್ಲ ಹಿರಿಯರೊಬ್ಬರು ಪತ್ರ ಬರೆದುಕೊಡುವುದು ವಾಡಿಕೆ, ಆ ಹಿರಿಯ ಯಾವಾಗಲೂ ನಾನೇ. ಇಪ್ಪತ್ತು ವರ್ಷ ನಾನು ಬರೆದದ್ದು ಒಂದೇ ಪತ್ರ: ಈತ ಗುಡ್, ಈತನ ಕೆಲಸ ಗುಡ್, ಈತನ ಮನೆಯವರೂ ಗುಡ್. ಅದನ್ನು ಹಿಡಿದುಕೊಂಡು ಹೋದ ಎದುರಂಗಡಿಯ ಇಸ್ತ್ರಿಯವನ ಅಣ್ಣ ಕಾವಲುಗಾರನಾದ, ಅವನ ತಮ್ಮ ಲಾರಿ ಡ್ರೈವರ್ ಆದ. ತಮ್ಮ ಮೇಲೆ ನಾನಿಟ್ಟಿದ್ದ ವಿಶ್ವಾಸ ಅಂಥದ್ದು.

ಹೀಗಿರುವಾಗ ಹೋದ ತಿಂಗಳು ನನ್ನ ತಂಗಿಯ ಮಗಳು ಅಂಗಡಿಗೆ ಬಂದಳು. ಎರಡು ವರ್ಷ ಕನ್ನಡಕದ ಗಾಜು ಉಜ್ಜುವ, ಅಳತೆಗೆ ಕೂಡಿಸುವ ಕೆಲಸ ಕಲಿತ ಹುಡುಗಿ. ಊರಿಗಿರುವ ಒಂದೇ ದೊಡ್ಡ ಕನ್ನಡಕದಂಗಡಿಯಲ್ಲಿ ಒಂದೇ ಜಾಗ ಖಾಲಿಯಿತ್ತು, ಅದಕ್ಕೆ ಇನ್ನೊಬ್ಬ ಹುಡುಗಿಯ ಪತ್ರ ಆಗಲೇ ಹೋಗಿತ್ತು. ನಾನು ಕಿವಿಯ ಮೇಲಿನ ಪೆನ್ನು ತೆಗೆಯುವಷ್ಟರಲ್ಲಿ ಅವಳು, “ಮಾವ, ನಿನಗೆ ಕೈ ಮುಗೀತೀನಿ, ನನಗೂ ಆ ಗುಡ್ ಗುಡ್ ಅಂತ ಗೀಚಿ ಕೊಡಬೇಡ. ಅಂಗಡಿ ನಡೆಸೋ ಆಯಮ್ಮ ತುಂಬ ಓದಿಕೊಂಡವರು. ಸ್ವಲ್ಪ ಬೇರೆ ಥರ ಬರಿ” ಎಂದಳು.

ಬೇರೆ ಥರ ಎಂದ ಮೇಲೆ ನಾನು ಸುಮ್ಮನಿರುವ ಆಸಾಮಿಯೇ? ನಿವೃತ್ತ ಪೋಸ್ಟ್ ಮಾಸ್ತರರ ಮನೆಗೆ ಹೋಗಿ ಸಮಾನಾರ್ಥಕ ಪದಗಳ ಪುಸ್ತಕವನ್ನು ಎರಡು ಕೈಯಲ್ಲಿ ಹೊತ್ತು ತಂದೆ. ತಮ್ಮ ಪುಟ ತೆರೆದೆ. ಅಬ್ಬಬ್ಬ, ಅದು ಪುಟವೇ ಮಾನ್ಯರೇ? ಛತ್ರ. ಒಂದೊಂದು ಅರ್ಥಕ್ಕೆ ಒಂದೊಂದು ಸಾಲು, ಸಾಲಿನ ತುಂಬ ತಮ್ಮ ಅಣ್ಣತಮ್ಮಂದಿರು, ಷಡ್ಡಕರು, ದೂರದ ನೆಂಟರು, ನೆಂಟರ ನೆಂಟರು. ಯಾರನ್ನು ಕರೆಯುವುದು, ಯಾರನ್ನು ಬಿಡುವುದು? ಆಗ ನನ್ನ ಶಾಲೆ ನನ್ನ ಕೈ ಹಿಡಿಯಿತು. ನಮ್ಮ ಲೆಕ್ಕದ ಪುಸ್ತಕದಲ್ಲಿ ಸರಿಯುತ್ತರ ಇರುತ್ತಿದ್ದುದು ಯಾವಾಗಲೂ ಕೊನೆಯಲ್ಲಿ. ಮೊದಲ ಪುಟಗಳೆಲ್ಲ ದಡ್ಡರನ್ನು ಸುತ್ತಾಡಿಸುವುದಕ್ಕೆ, ಸತ್ಯ ಹಿಂದುಗಡೆ. ಆದ್ದರಿಂದ ಪ್ರತಿ ಸಾಲಿನ ಕಟ್ಟಕಡೆಯ ಪದವನ್ನು ಹೆಕ್ಕಿ ತೆಗೆದು, ಒಂದರ ಪಕ್ಕ ಒಂದು ಕೂರಿಸಿ, ಅಂಥ ಪತ್ರ ಈ ಬೀದಿಯಲ್ಲಿ ಹಿಂದೆ ಹುಟ್ಟಿಲ್ಲ ಎಂಬಂಥ ಪತ್ರವೊಂದನ್ನು ಬರೆದು ಕೊಟ್ಟೆ.

ಕನ್ನಡಕದಂಗಡಿಯ ಅಮ್ಮ ಅದನ್ನು ಓದಿದರು. ಒಮ್ಮೆ ಕನ್ನಡಕ ಹಾಕಿಕೊಂಡು, ಒಮ್ಮೆ ತೆಗೆದು. ಆಮೇಲೆ ನಮ್ಮ ಹುಡುಗಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರಂತೆ: ಈ ಹುಡುಗಿ ತಿನ್ನಲು ಯೋಗ್ಯಳು, ಅವಧಿ ಮುಗಿದಿಲ್ಲ, ಗಾತ್ರದಲ್ಲಿ ಗಣನೀಯಳು, ನೀರಿಗೆ ಬಿಟ್ಟರೆ ಮುಳುಗುವುದಿಲ್ಲ, ಮನೆಯೊಳಗೆ ಗಲೀಜು ಮಾಡುವುದಿಲ್ಲ. “ಏನಮ್ಮಾ ಇದು, ನಿಮ್ಮ ಮಾವ ಕೆಲಸಕ್ಕೆ ಹುಡುಗೀನ ಕಳಿಸಿದಾರೋ, ನಾಯಿಮರೀನೋ?” ಎಂದೂ ಕೇಳಿದರಂತೆ.

ನಮ್ಮ ಹುಡುಗಿ ನೇರ ನನ್ನ ಅಂಗಡಿಗೆ ಬಂದು, “ಮುಳುಗಲ್ಲ ಅಂತ ಬರೆದು ನನ್ನ ಮುಳುಗಿಸಿಬಿಟ್ಟೆಯಲ್ಲೋ ಮಾವ!” ಎಂದಳು. ಎದುರಂಗಡಿಯ ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು ನಕ್ಕ. ನಾನೂ ನಗಬೇಕೆಂದಿದ್ದೆ. ಆದರೆ ಅವಳು ಮೂಗು ಒರೆಸಿಕೊಂಡು ಗೋಡೆಯ ಕಡೆ ತಿರುಗಿದ್ದರಿಂದ, ಮೊಳೆಗೆ ನೇತುಹಾಕಿದ್ದ ಕೀಲಿಕೈಗಳನ್ನು ಎಣಿಸುವವನಂತೆ ನಾನೂ ಗೋಡೆಯನ್ನೇ ನೋಡುತ್ತಾ ನಿಂತೆ.

ಈ ಸಂದರ್ಭದಲ್ಲಿ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಹಡಗು, ಹಣ್ಣು, ಟಿಕೆಟ್ಟು, ನಾಯಿ ಮತ್ತು ಮನುಷ್ಯರನ್ನು ಒಂದೇ ಸೂರಿನಡಿ ಇಟ್ಟುಕೊಂಡಿರುವ ತಮ್ಮ ಉದಾರತೆ ದೊಡ್ಡದು, ಆದರೂ ದಯವಿಟ್ಟು ತಮ್ಮ ಬಂಧುಗಳೆಲ್ಲರ ಕೊರಳಿಗೆ ಒಂದೊಂದು ಗುರುತಿನ ಚೀಟಿ ನೇತುಹಾಕಿಸಬೇಕು. ಯಾರು ಮನುಷ್ಯರ ಜೊತೆ ಹೋಗುವವರು, ಯಾರು ಹಡಗಿನ ಜೊತೆ ಎಂಬುದು ದೂರದಿಂದಲೇ ಕಾಣುವಂತಿರಬೇಕು. ಅದಾಗದಿದ್ದರೆ ಅರ್ಧದಷ್ಟು ಬಂಧುಗಳಿಗೆ ಸ್ವಯಂ ನಿವೃತ್ತಿ ಕೊಡಿಸಬೇಕು. ಅದೂ ಆಗದಿದ್ದರೆ ತಾವೇ ಖುದ್ದಾಗಿ ಕನ್ನಡಕದಂಗಡಿಗೆ ಹೋಗಿ, ‘ತಪ್ಪು ನನ್ನದು, ಬೀಗದಂಗಡಿಯ ಮಹಾಶಯರದಲ್ಲ’ ಎಂದು ಲಿಖಿತ ಹೇಳಿಕೆ ಕೊಟ್ಟು ಬರಬೇಕು.

ತಾವು ಹೋಗಲಿಲ್ಲ. ನಾನೇ ಹೋದೆ. ಆಯಮ್ಮ ನನ್ನನ್ನು ಕೂರಿಸಿ, “ಗುಣಗಾನ ಬೇಡ ಸ್ವಾಮಿ. ಈ ಹುಡುಗಿ ಮಾಡಿದ ಒಂದು ಕೆಲಸ, ನೀವು ಕಣ್ಣಾರೆ ಕಂಡದ್ದು, ಬರೆದುಕೊಡಿ. ಕನ್ನಡದಲ್ಲೇ ಬರೀರಿ, ನಮ್ಮಿಬ್ಬರಿಗೂ ಒಳ್ಳೇದು” ಎಂದು ಒಂದು ಹಾಳೆ ಕೊಟ್ಟರು.

ಕಣ್ಣಾರೆ ಕಂಡದ್ದು ಒಂದಿತ್ತು, ಮಾನ್ಯರೇ. ಅದನ್ನು ಯಾರಿಗೂ ಹೇಳಬಾರದೆಂದು ನಾನು ತೀರ್ಮಾನಿಸಿಕೊಂಡು ವರ್ಷವಾಗಿತ್ತು. ನನ್ನ ಕನ್ನಡಕದ ಗಾಜುಗಳು ಒಂದು ದಿನ ಕಳಚಿ ಬಿದ್ದಿದ್ದವು, ಇಡೀ ಊರಿನ ಬೀಗ ಬಿಚ್ಚುವವನು ಎರಡು ಗಾಜು ಕೂಡಿಸಲು ಇನ್ನೊಬ್ಬನ ಬಳಿ ಹೋಗುವುದೇ ಎಂದು ನಾನೇ ಕೂಡಿಸಿಕೊಂಡಿದ್ದೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಅದಾದ ಮೇಲೆ ಎಂಟು ತಿಂಗಳು ನಾನು ಅರ ಹಿಡಿದು ತೆಗೆದ ಕೀಲಿಕೈಯ ಹಲ್ಲುಗಳು ಕೂದಲೆಳೆಯಷ್ಟು ಆಚೀಚೆಯಾಗಿ, ಜನ ಬಾಗಿಲ ಮುಂದೆ ನಿಂತು ತಿರುಗಿಸಿ, ಅಲ್ಲಾಡಿಸಿ, ಗೋಗರೆದು ಒಳಗೆ ಹೋಗುತ್ತಿದ್ದರು. ದೂರು ತಂದವರಿಗೆಲ್ಲ ನಾನು, “ಬೀಗಕ್ಕೆ ವಯಸ್ಸಾಗಿದೆ, ಹೊಸದು ತಗೊಳ್ಳಿ” ಎಂದು ಗದರಿಸಿ ಕಳಿಸುತ್ತಿದ್ದೆ. ಒಂದು ಮಧ್ಯಾಹ್ನ ತಂಗಿಯ ಮನೆಯಲ್ಲಿ ನಾನು ಲೋಟದ ಪಕ್ಕಕ್ಕೆ ನೀರು ಸುರಿದುಕೊಂಡದ್ದನ್ನು ಈ ಹುಡುಗಿ ನೋಡಿದಳು. ನನ್ನ ಮುಖ ನೋಡಿದಳು. ಊಟವಾಗಿ ನಾನು ಒರಗಿದಾಗ ಮೆಲ್ಲಗೆ ಕನ್ನಡಕ ತೆಗೆದುಕೊಂಡು, ಕಿಟಕಿಯ ಬಳಿ ಕೂತು, ಗಾಜುಗಳನ್ನು ಅದಲುಬದಲು ಮಾಡಿ, ಒರೆಸಿ, ಇದ್ದಲ್ಲೇ ಇಟ್ಟಳು. ನಾನು ಆಗ ಅರ್ಧ ಕಣ್ಣು ಬಿಟ್ಟುಕೊಂಡೇ ಗೊರಕೆ ಹೊಡೆಯುತ್ತಿದ್ದೆ. ಇವತ್ತಿನವರೆಗೂ ಅವಳು ಅದನ್ನು ಯಾರ ಬಳಿಯೂ ಆಡಿಲ್ಲ, ನನ್ನ ಬಳಿಯೂ.

ಇದನ್ನು ಬರೆದರೆ ಅವಳಿಗೆ ಕೆಲಸ, ನನಗೆ ಮಾನಭಂಗ. ಹಾಳೆ ಮುಂದಿಟ್ಟುಕೊಂಡು ಬಹಳ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿದೆ. ಆಮೇಲೆ ಬರೆದೆ, ಎಂಟು ತಿಂಗಳ ಲೆಕ್ಕವನ್ನೂ ಬಿಡದೆ ಬರೆದೆ, ಕೆಳಗೆ ಅಂಗಡಿಯ ಮುದ್ರೆಯನ್ನೂ ಒತ್ತಿದೆ.

ಸೋಮವಾರದಿಂದ ಅವಳು ಆ ಅಂಗಡಿಯ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದಾಳೆ. ಆಯಮ್ಮ ಕೆಲಸದಲ್ಲಿ ಬಿಗಿ, ಬಾಯಲ್ಲಿ ಸಡಿಲ, ಹೀಗಾಗಿ ಮಂಗಳವಾರದಿಂದ ನನ್ನ ಅಂಗಡಿಯ ಮುಂದೆ ಸಾಲು. ಆ ಎಂಟು ತಿಂಗಳ ಕೀಲಿಕೈಗಳನ್ನೆಲ್ಲ ಜನ ಕೈಯಲ್ಲಿ ಹಿಡಿದುಕೊಂಡು, “ಬೀಗಕ್ಕೆ ಈಗ ವಯಸ್ಸೆಷ್ಟು ಸ್ವಾಮಿ?” ಎಂದು ಕೇಳುತ್ತಾ ನಿಂತಿದ್ದಾರೆ. ಪುಕ್ಕಟೆಯಾಗಿ ಒಂದೊಂದನ್ನೇ ಸರಿಮಾಡಿ ಕೊಡುತ್ತಿದ್ದೇನೆ. ಈ ಪತ್ರವನ್ನು ಇಲ್ಲಿಗೆ ನಿಲ್ಲಿಸುತ್ತಿರುವುದು ಹೇಳುವುದು ಮುಗಿಯಿತೆಂದಲ್ಲ, ಸಾಲಿನ ಮುಂದಿನವರು ಕೆಮ್ಮುತ್ತಿದ್ದಾರೆಂದು.

ಹೋದ ತಿಂಗಳವರೆಗೆ ತಮ್ಮ ವಿಶ್ವಾಸಿಯಾಗಿದ್ದ,
ಬೀಗದಂಗಡಿಯ ಮಾವ

ಮರೆತ ಮಾತು: ಎದುರಂಗಡಿಯ ಇಸ್ತ್ರಿಯವನು ಕೀಲಿಕೈ ವಿಷಯವಾಗಿ ನನ್ನ ಮೇಲೆ ಅಂಗಡಿಕಾರರ ಸಂಘಕ್ಕೆ ಇಂಗ್ಲಿಷಿನಲ್ಲಿ ದೂರು ಬರೆಯಬೇಕಂತೆ, ತಮ್ಮ ವೈರಿ ‘ಬ್ಯಾಡ್’ ಅವರ ಪುಟ ನೋಡಲು ಪುಸ್ತಕ ಎರವಲು ಕೇಳಿದ. ನೆರೆಹೊರೆಯವನಿಗೆ ಇಲ್ಲವೆನ್ನಲಾದೀತೇ? ಕೊಟ್ಟಿದ್ದೇನೆ. ಅವನಿಗೆ ಇಂಗ್ಲಿಷ್ ಓದಲು ಬಾರದು, ನೋಡಿ ನಕಲು ಮಾಡಬಲ್ಲ ಅಷ್ಟೇ, ಆದ್ದರಿಂದ ಹುಡುಕುವ ಕಷ್ಟ ಬೇಡವೆಂದು, ಗುರುತಿನ ಚೀಟಿಯನ್ನು ನಾನೇ ತಮ್ಮದೇ ಪುಟದಲ್ಲಿ ಇಟ್ಟುಕೊಟ್ಟಿದ್ದೇನೆ.