ಖಂಡೆಪೂಜೆಗೆ ಕೂತ ಪಟ್ಟಿ

ಎಲ್ಲ ರಾದ್ಧಾಂತಕ್ಕೂ ಕಾರಣ, ರೇವಣಪ್ಪ ತನ್ನ ಪಟ್ಟಿಗೆ ತಲೆಬರಹ ಹಾಕದೆ ಬಿಟ್ಟದ್ದು.

ಪಟ್ಟಿಯನ್ನೇನೋ ಅವನು ಮೂರು ದಿನ ಕೂತು ಬರೆದಿದ್ದ. ಫೋಟೋ ಅಂಟಿಸುವ ದಪ್ಪ ರಟ್ಟಿನ ಮೇಲೆ, ಶೇಂಗಾ ಬೀಜದಷ್ಟು ದೊಡ್ಡ ಅಕ್ಷರಗಳಲ್ಲಿ. ಫಿಲ್ಮ್ ರೋಲಿನ ಕ್ಯಾಮೆರಾ ಒಂದು. ದೂರದ್ದನ್ನು ಹತ್ತಿರ ತರುವ ಲೆನ್ಸು ಒಂದು. ಬೆಳಕು ಅಳೆಯುವ ಮೀಟರು. ಕತ್ತಲಲ್ಲಿ ಹೊಡೆಯಲು ಫ್ಲ್ಯಾಶ್, ಅದರ ಬಲ್ಬು ಎರಡು ಡಜನ್. ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರ್. ಅವನ ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ಬಂದ ದಿನ ಯಂತ್ರ ತಯಾರಿರಬೇಕಲ್ಲ ಎಂದು ಅದನ್ನೂ ಸೇರಿಸಿದ್ದ. ಕಂಬ, ಮೆಟ್ಟಿಲು, ಹೂಕುಂಡ ಬರೆದ ಪರದೆ. ಕೊನೆಗೆ, ಫೋಟೋ ವಿದ್ಯೆ ಕಲಿಸುವ ಪುಸ್ತಕ, ನಾಲ್ಕು ಭಾಗ, ಚಿತ್ರಸಹಿತ.

ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದದ್ದು ಆ ಪುಸ್ತಕ. ಅವನಿಗೆ ಯಾರೂ ಕಲಿಸಿರಲಿಲ್ಲ. ಮರದ ಹಳೆಯ ಕ್ಯಾಮೆರಾದ ಮುಚ್ಚಳ ತೆಗೆದು ಐದು ಸಲ 'ಓಂ ನಮಃ ಶಿವಾಯ' ಅಂದು ಮುಚ್ಚುತ್ತಿದ್ದ. ಮೋಡವಿದ್ದರೆ ಹನ್ನೊಂದು ಸಲ. ಕ್ಯಾಮೆರಾದ ಚರ್ಮದ ಮಡಿಕೆಯಲ್ಲಿ ಒಂದು ತೂತು ಬಿದ್ದಿತ್ತು. ಸೈಕಲ್ ಟ್ಯೂಬಿನ ತೇಪೆ ಹಚ್ಚಿದರೂ ಬೆಳಕು ನುಸುಳುತ್ತಿತ್ತು. ಹೀಗಾಗಿ ಸೇಡಂನಲ್ಲಿ ಯಾರ ಮನೆಯ ಗೋಡೆ ನೋಡಿದರೂ, ಫೋಟೋದೊಳಗಿನವರ ಬಲಗಡೆ ಯಾರೋ ಸಣ್ಣ ರೊಟ್ಟಿಯೊಂದನ್ನು ತೂಗುಹಾಕಿದಂಥ ಬಿಳಿ ಕಲೆ.

ಅಂಥದ್ದರಲ್ಲಿ ಶಹಾಬಾದಿನ ವಾಸುದೇವರಾಯರ ಕಾರ್ಡು ಬಂದಿತ್ತು. ರಾಯರು ಮೂವತ್ತು ವರ್ಷ ಸ್ಟೇಷನ್ನಿನ ಹತ್ತಿರ ಸ್ಟುಡಿಯೋ ನಡೆಸಿದವರು. ಈಗ ಅದನ್ನು ಮುಚ್ಚಿ ಹೈದರಾಬಾದಿನ ಮಗಳ ಮನೆಗೆ ಹೊರಟಿದ್ದರು. 'ನನ್ನ ಸಾಮಾನಿನ ಪೆಟ್ಟಿಗೆಯನ್ನು ಏನೂ ಇಲ್ಲದ ಒಬ್ಬ ಕಸಬುದಾರನಿಗೆ ಹಾಗೇ ಕೊಡಬೇಕೆಂದಿದ್ದೇನೆ. ಚಿತ್ತಾಪುರದ ಗುರುರಾಜನೂ ಕೇಳಿದ್ದಾನೆ. ಮೊದಲು ನಿನ್ನನ್ನು ನೋಡುತ್ತೇನೆ. ಬೇಕಾದ್ದನ್ನು ಬರೆದಿಡು, ನನಗೆ ಕಣ್ಣು ಮಂದ, ದೊಡ್ಡದಾಗಿ ಬರೆ. ನವಮಿಯ ದಿನ ಮಧ್ಯಾಹ್ನದ ರೈಲುಗಾಡಿಗೆ ನಿಮ್ಮೂರಲ್ಲಿ ಪೆಟ್ಟಿಗೆ ಸಮೇತ ಇಳಿದು ಸಂಜೆಯ ಗಾಡಿಗೆ ಮುಂದೆ ಹೋಗುತ್ತೇನೆ. ಕಸಬು ಬಿಟ್ಟವನಿಗೆ ಖಂಡೆಪೂಜೆ ಎಲ್ಲಿಯದು?'

ಹೈದರಾಬಾದಿನ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ಐದು ವರ್ಷವಾಗಿತ್ತು. ಆ ಐದು ವರ್ಷಗಳಲ್ಲಿ ರೇವಣಪ್ಪನಿಗೆ ಬಂದ ಒಳ್ಳೆಯ ಸುದ್ದಿ ಇದೊಂದೇ.

ನವಮಿಯ ಬೆಳಿಗ್ಗೆ ಅವನು ಸ್ನಾನ ಮಾಡಿ ಬರುವಷ್ಟರಲ್ಲಿ ಹೆಂಡತಿ ರತ್ನಾಬಾಯಿ ಕಸಬಿನ ಸಾಮಾನಿಗೆಲ್ಲ ಖಂಡೆಪೂಜೆ ಮುಗಿಸಿದ್ದಳು. ಮಣೆಯ ಮೇಲೆ ಕ್ಯಾಮೆರಾ, ಕರಿ ಬಟ್ಟೆ, ಫೋಟೋ ತೊಳೆಯುವ ತಾಟುಗಳು, ನೆಗೆಟಿವ್ ತಿದ್ದುವ ಪೆನ್ಸಿಲ್ಲು. ಎಲ್ಲದರ ನಡುವೆ, ಗೋಡೆಗೆ ಒರಗಿ, ನೀರು ತುಂಬಿದ ತಂಬಿಗೆಯ ಆಸರೆಯಲ್ಲಿ, ಐದು ಬೊಟ್ಟು ಕುಂಕುಮ ಇಟ್ಟುಕೊಂಡು ಆ ಪಟ್ಟಿ.

"ಇದನ್ಯಾಕ ಇಟ್ಟಿ?" ಎಂದು ರೇವಣಪ್ಪ ಕೂಗಿದ.

"ನಿಮ್ಮ ಕಸಬಿಂದು ಒಂದು ಕಡ್ಡಿನೂ ಬಿಟ್ಟಿಲ್ರಿ," ಎಂದಳು ಅವಳು ಹೆಮ್ಮೆಯಿಂದ.

"ಅದು ರಾಯರಿಗಿ ಕೊಡೋದು! ತೆಗಿ ಅದನ್ನ."

"ಹ್ಯಾಂಗ ತೆಗಿಲಿ? ಕಾಯಿ ಒಡದೀನಿ, ಆರತಿ ಆಗ್ಯದ. ನಾಳಿ ಬನ್ನಿ ಮುಡದ ಮ್ಯಾಲೆ ಎತ್ತೋದು. ನಡುವ ಮುಟ್ಟಿದ್ರ ಕಸಬೇ ಕೈ ಬಿಡ್ತದಂತ ನಿಮ್ಮವ್ವನೇ ಹೇಳತಿದ್ರು."

ತೀರಿಕೊಂಡ ಅವ್ವನ ಮಾತಿಗೆ ರೇವಣಪ್ಪ ಎದುರಾಡುವುದುಂಟೇ? ಇರಲಿ, ಅಕ್ಷರ ದೊಡ್ಡವಿವೆ, ರಾಯರು ನಿಂತಲ್ಲಿಂದಲೇ ಓದಬಹುದು ಎಂದು ಸಮಾಧಾನ ಮಾಡಿಕೊಂಡ.

ನಿಂತಲ್ಲಿಂದಲೇ ಮೊದಲು ಓದಿದವರು ಶಾಲೆಯ ಗುರುಲಿಂಗಯ್ಯ ಮಾಸ್ತರರು. ಎದುರುಮನೆಯ ಶಿವಕಾಂತಮ್ಮ ಹೋಳಿಗೆಯ ತಾಟು ಹಿಡಿದು ಒಳಗೆ ಬಂದಿದ್ದಳು. ಅವಳ ಹಿಂದೆಯೇ ಬಂದ ಮಾಸ್ತರರು ಬಾಗಿಲಲ್ಲಿ ನಿಂತು, ಹಾಜರಿ ಕರೆಯುವ ದನಿಯಲ್ಲಿ ಇಡೀ ಪಟ್ಟಿಯನ್ನು ಓದಿದರು. ಓಣಿಯ ಅರ್ಧ ಜನ ಅಂಗಳಕ್ಕೆ ಬಂದರು.

ಶಿವಕಾಂತಮ್ಮ ತಾಟು ಕೆಳಗಿಟ್ಟಳು. "ರೇವಣ್ಯಾ, ಇಷ್ಟೆಲ್ಲ ಮನ್ಯಾಗ ಇಟಗೊಂಡು, ನಮ್ಮ ಯಜಮಾನ್ರಿಗಿ ಆ ತೂತಿನ ಡಬ್ಬಿಲೇ ಹೊಡದಿ ಏನೋ?"

ಅವಳ ಗಂಡನದು ಒಂದೇ ಒಂದು ಫೋಟೋ ಇತ್ತು. ಅದರಲ್ಲಿ ಬಿಳಿ ಕಲೆ ಜಾಗ ತಪ್ಪಿ ಅರ್ಧ ಮುಖವನ್ನೇ ತಿಂದುಬಿಟ್ಟಿತ್ತು. ಎರಡನೆಯದು ತೆಗೆಸಲು ಅವರು ಉಳಿಯಲಿಲ್ಲ.

ರೇವಣಪ್ಪ ತಲೆ ತಗ್ಗಿಸಿದ. "ಕಾಕಿ, ಇವ್ಯಾವೂ ನನ್ನ ಬಲ್ಲಿ ಇಲ್ಲ. ಬೇಕು ಅಂತ ಬರದದ್ದು."

"ಬೇಕಾದದ್ದಕ್ಕ ಯಾರಾರ ಖಂಡಿಪೂಜಿ ಮಾಡ್ತಾರೇನಪಾ?" ಎಂದರು ಮಾಸ್ತರರು. "ನಾ ಪೆನ್ನು ಪೂಜಿಗಿಟ್ಟೀನಿ, ಯಾಕಂದ್ರ ನನ್ನ ಬಲ್ಲಿ ಪೆನ್ನು ಅದ. ನನಗ ಮೋಟಾರು ಬೇಕಂತ ಅದರ ಹೆಸರು ಬರದು ಊದಬತ್ತಿ ಹಚ್ಚಲೇನು?"

"ಖರೇನೇ ಹೇಳ್ಲಿಕತ್ತೀನ್ರಿ ಮಾಸ್ತರ್ರ!"

"ಕಡ ಕೇಳ್ತಾರಂತ ಮುಚ್ಚಿಡ್ಲಿಕತ್ತಾನ," ಎಂದಳು ಶಿವಕಾಂತಮ್ಮ, ಅಂಗಳದ ಕಡೆ ತಿರುಗಿ. ಅಂಗಳವೆಲ್ಲ ಹೌದೆಂದು ತಲೆ ಅಲ್ಲಾಡಿಸಿತು. ಅವನು ಎಷ್ಟು ಇಲ್ಲವೆಂದರೆ ಅಷ್ಟು ಸಾಮಾನು ಅವನ ಅಟ್ಟದ ಮೇಲೆ ಹೆಚ್ಚುತ್ತಿತ್ತು.

ಪಟ್ಟಿಯ ನೆತ್ತಿಯ ಮೇಲೆ 'ಬೇಕಾದ ಸಾಮಾನು' ಎಂದು ಎರಡೇ ಶಬ್ದ ಬರೆದರೆ ಮುಗಿಯಿತು ಎಂದು ರೇವಣಪ್ಪನಿಗೆ ಹೊಳೆಯಿತು. ಎತ್ತುವುದು ಬೇಡ, ಕೈ ತಾಗಿಸದೆ ಅದು ನಿಂತಲ್ಲೇ ಬರೆಯಬಹುದು. ಅವನ ಪೆನ್ಸಿಲ್ಲು ಪೂಜೆಗೆ ಕೂತಿತ್ತು. ಮಾಸ್ತರರ ಪೆನ್ನೂ ಕೂತಿತ್ತು. ಅವನು ಚಪ್ಪಲಿ ಮೆಟ್ಟಿ ಓಣಿಗಿಳಿದ.

ಕಿರಾಣಿ ಅಂಗಡಿಯವನು ತಕ್ಕಡಿ, ಮಸಿಯ ದೌತಿ, ಲೇಖನಿ ಎಲ್ಲಕ್ಕೂ ಚೆಂಡುಹೂವು ಏರಿಸಿ ಕೈಮುಗಿದು ನಿಂತಿದ್ದ. ಬಡಿಗೇರ ಕಿವಿಯ ಹಿಂದೆ ಯಾವಾಗಲೂ ಸಿಕ್ಕಿಸಿಕೊಳ್ಳುವ ಪೆನ್ಸಿಲ್ಲು ಆ ದಿನ ಉಳಿಯ ಪಕ್ಕದಲ್ಲಿ ಹಾಯಾಗಿ ಮಲಗಿತ್ತು. ಕ್ಷೌರಿಕನ ಕತ್ತಿಯೂ ಪೂಜೆಯಲ್ಲಿದ್ದುದರಿಂದ ರೇವಣಪ್ಪನಿಗೆ ರಾಯರ ಮುಂದೆ ಮೂರು ದಿನದ ಗಡ್ಡದಲ್ಲೇ ನಿಲ್ಲುವುದು ಗತಿಯಾಯಿತು. ಇಡೀ ಸೇಡಂ ಅವತ್ತು ಕೆಲಸದ ಕೈಗಳನ್ನೆಲ್ಲ ದೇವರಿಗೆ ಒಪ್ಪಿಸಿ ಖಾಲಿ ಕೂತಿತ್ತು. ಚಡಪಡಿಸುವವನು ಅವನೊಬ್ಬನೇ; ಕಾದ ಹಂಚಿನ ಮೇಲೆ ಬಿದ್ದ ನೀರಿನ ಹನಿಯ ಹಾಗೆ ಒಂದು ಬಾಗಿಲಿಂದ ಇನ್ನೊಂದಕ್ಕೆ ಹಾರುತ್ತಿದ್ದ.

ಕೊನೆಗೆ ಬಾಬುಮಿಯಾನ ಚಹಾದ ಹೋಟೆಲು ನೆನಪಾಯಿತು. ಅಲ್ಲಿ ಪೂಜೆ ಗೀಜೆಯ ಗೊಡವೆ ಇರಲಾರದು.

"ಬಾಬುಮಿಯಾ, ಜರಾ ಪೆನ್ಸಿಲ್ ಕೊಡ್ರಿ, ಜಲ್ದಿ!"

ಬಾಬುಮಿಯಾ ಒಲೆಯ ಕಡೆ ಬೊಟ್ಟು ಮಾಡಿದ. ಚಹಾದ ಕಿಟ್ಲಿ, ಸೋಸುವ ಬಟ್ಟೆಯ ಹಿಡಿಕೆ, ದಾರ ಕಟ್ಟಿದ ಪೆನ್ಸಿಲ್ಲು, ಎಲ್ಲದರ ಮೇಲೂ ಕುಂಕುಮ. "ಮುಂಜಾನಿ ಭೀಮಬಾಯಿ ಬಾಂಡೆ ತಿಕ್ಕಲಿಕ್ಕ ಬಂದಾಕಿ ಎಲ್ಲಕ್ಕೂ ಹಚ್ಯಾಳ. ಹತ್ತು ಮಂದಿಗಿ ಚಹಾ ಕುಡಸೋ ಕಿಟ್ಲಿ, ಮುಟ್ಟಿದ್ರ ನೋಡ್ರಿ ಅಂತ ನನಗೇ ದಮ್ಕಿ ಕೊಟ್ಟು ಹೋಗ್ಯಾಳ. ಚಹಾನೇ ಬಂದ್ ಅದ ಭಾಯಿ. ನೀರು ಕುಡೀತಿ?"

ಬೆಂಚಿನ ಮೇಲೆ ಟಾಂಗಾದ ಅಬ್ದುಲ್ ಗನಿ ಕೂತಿದ್ದ. "ಅರೆ ರೇವಣಪ್ಪಾ, ಸುದ್ದಿ ಬಂತಪಾ! ನಾಕು ಲೆನ್ಸು, ಎರಡು ಪೆಟ್ಟಿಗಿ ಬಲ್ಬು, ಸಿನಿಮಾ ತೋರಸೋ ಮಷೀನು. ಇಷ್ಟು ದಿನ ಗರೀಬನ ವೇಷದಾಗ ಇದ್ದಿ ನೋಡು!"

ಪಟ್ಟಿ ಒಂದೊಂದು ಮನೆ ದಾಟುವಾಗಲೂ ಒಂದೆರಡು ಸಾಮಾನು ಕೂಡಿಸಿಕೊಂಡೇ ಬಂದಿತ್ತು. ರೇವಣಪ್ಪನಿಗೆ ಬಿಡಿಸಿ ಹೇಳುವ ತಾಳ್ಮೆ ಉಳಿದಿರಲಿಲ್ಲ. "ಗನಿಭಾಯಿ, ಮಧ್ಯಾಹ್ನದ ಗಾಡಿಗಿ ಸ್ಟೇಷನ್ನಿಗಿ ಹೋಗೂದದ. ಮನಿ ಕಡೆ ಟಾಂಗಾ ತಗೊಂಡು ಬಾ," ಎಂದಷ್ಟೇ ಹೇಳಿ ಮನೆಗೆ ಓಡಿದ.

ಮನೆಯಲ್ಲಿ ತಹಸೀಲ ಕಚೇರಿಯ ಪೇಶಕಾರ ನಾಗೇಂದ್ರಪ್ಪ ಪಟ್ಟಿಯ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರಿಗೆ ಬಲಕ್ಕೆ ಮಾಸ್ತರರು, ಎಡಕ್ಕೆ ಶಿವಕಾಂತಮ್ಮ. ಪೇಶಕಾರರು ಮನೆಗೆ ಬರುವುದೆಂದರೆ ಜಪ್ತಿಗೆ ಎಂದು ತಿಳಿದಿದ್ದ ರತ್ನಾಬಾಯಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು.

"ಬಾ ರೇವಣಪ್ಪ. ದೀಪಾವಳಿ ಆದ ಮ್ಯಾಲೆ ನಮ್ಮ ಮಗಳ ಮದ್ವಿ. ಕಲಬುರಗಿಯವರನ್ನ ಕರಸಬೇಕಂತ ಮಾಡಿದ್ದೆ. ಊರಾಗೇ ಇಷ್ಟು ಸಾಮಾನು ಇರೋವಾಗ ಯಾಕ ಕರಸಲಿ? ಅಕ್ಕಿಕಾಳು ಬೀಳೋದು ನಸುಕಿನಾಗ. ಕತ್ತಲದಾಗ ಹೊಡಿತಿ ಹೌದಿಲ್ಲೋ?"

ರೇವಣಪ್ಪ ಬಾಯಿ ತೆರೆದ. ಇಲ್ಲ ಎನ್ನಬೇಕಾಗಿತ್ತು. ಆದರೆ ಎರಡು ತಾಸಿನಲ್ಲಿ ಪೆಟ್ಟಿಗೆ ಬಂದೇ ಬರುತ್ತದೆ. ಬಂದಮೇಲೆ ಈಗ ಹೇಳಿದ ಸುಳ್ಳು ತಾನಾಗಿ ನಿಜವಾಗುತ್ತದೆ. ಎರಡು ತಾಸಿನ ಮಟ್ಟಿಗೆ ಇಲ್ಲ ಎಂದು ಯಾಕೆ ಹಟ ಹಿಡಿಯಬೇಕು?

"ಹ್ಞೂಂ ರೀ," ಎಂದ.

"ಮತ್ತ ಇಲ್ಲ ಇಲ್ಲ ಅಂದಿ?" ಎಂದಳು ಶಿವಕಾಂತಮ್ಮ.

"ದೃಷ್ಟಿ ಆಗಬಾರದಂತ ಅಂದಾನ," ಎಂದು ಮಾಸ್ತರರೇ ಅವನ ಪರವಾಗಿ ಉತ್ತರ ಕೊಟ್ಟರು.

ಆಮೇಲೆ ಪೇಶಕಾರರು ಏಳಲಿಲ್ಲ. ಬೀಗರ ಗುಂಪು ಎಷ್ಟು, ವರ ಎಷ್ಟು ಎತ್ತರ, ವರನ ಸೋದರಮಾವನಿಗೆ ಒಂದು ಕಣ್ಣು ಸಣ್ಣದು, ಅದು ಕಾಣದ ಹಾಗೆ ಹೇಗೆ ನಿಲ್ಲಿಸಬೇಕು. ಮೊದಲು ಟಾಂಗಾ ಬಂದು ನಿಂತ ಸಪ್ಪಳವಾಯಿತು. ಆಮೇಲೆ ಗನಿಯ ಕುದುರೆ ಕಾಲು ಕೆರೆಯಿತು. ರೇವಣಪ್ಪ ಅರ್ಧ ಎದ್ದರೆ ಪೇಶಕಾರರು "ಕುಂದ್ರೋ, ಮಾತು ಮುಗಿದಿಲ್ಲ" ಎಂದು ತೊಡೆ ಒತ್ತಿ ಕೂರಿಸುತ್ತಿದ್ದರು. ದೂರದಲ್ಲಿ ಗಾಡಿಯ ಸೀಟಿ ಕೇಳಿದಾಗ ಅವನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಕಿಟಕಿಗೆ ಕೂಗಿದ:

"ಗನಿಭಾಯಿ, ನೀನೇ ಹೋಗಪಾ! ವಾಸುದೇವರಾಯರು ಅಂತ ಬರ್ತಾರ. ಭಾಳ ಮರ್ಯಾದಿಲೇ ಕರಕೊಂಡು ಬಾ. ಪೆಟ್ಟಿಗಿ ಜ್ವಾಕಿ!"

ಮುಂದಿನ ಮುಕ್ಕಾಲು ತಾಸು ಅವನು ಪೇಶಕಾರರ ಮಾತಿಗೆ ತಲೆಯಾಡಿಸುತ್ತ, ಆ ಪೆಟ್ಟಿಗೆಯ ಒಂದೊಂದೇ ಸಾಮಾನನ್ನು ಮನಸ್ಸಿನಲ್ಲೇ ಹೊರತೆಗೆದು ಒರೆಸಿ ಹಲಗೆಯ ಮೇಲೆ ಜೋಡಿಸಿದ. ಪುಸ್ತಕದ ಮೊದಲ ಭಾಗವನ್ನು ಇವತ್ತು ಸಂಜೆಯೇ ಶುರುಮಾಡಬೇಕು. ಮೊದಲ ರೋಲಿನಲ್ಲಿ ಶಿವಕಾಂತಮ್ಮನನ್ನು, ಇಡೀ ಮುಖ ಬರುವ ಹಾಗೆ.

ಟಾಂಗಾ ಬಂತು. ಪಂಚೆಯ ತುದಿ ಹಿಡಿದು ರಾಯರು ಇಳಿದರು. ಕೈಯಲ್ಲಿ ಛತ್ರಿ, ಹೆಗಲಿಗೆ ಒಂದು ಬಟ್ಟೆಯ ಚೀಲ. ರೇವಣಪ್ಪ ಅವರ ಕಾಲಿಗೆರಗಿ, ಎದ್ದು, ಟಾಂಗಾದ ಹಿಂದೆ ನೋಡಿದ. ಒಳಗೆ ನೋಡಿದ. ಬಗ್ಗಿ ಕೆಳಗೂ ನೋಡಿದ. ಹುಲ್ಲಿನ ಹೊರೆ ಇತ್ತು.

"ರಾಯರ, ಪೆಟ್ಟಿಗಿ?"

ರಾಯರು ಆಗಲೇ ಒಳಗೆ ಹೋಗಿ ಮಣೆಯ ಮುಂದೆ ನಿಂತಿದ್ದರು. ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನ ತನಕ ಓದಿದರು. ಅವರ ಮುಖ ಅರಳಿತು. "ಭೇಷ್! ಗನಿ ಹೇಳಿದ್ದು ಖರೇನೇ ಅದ. ಎಲ್ಲಾ ಕೂಡಿಸಿ ಇಟ್ಟೀದಿ. ಪುಸ್ತಕ ಸುದ್ಧಾ ಬಿಟ್ಟಿಲ್ಲ!"

"ಗನಿ ಏನ್ ಹೇಳಿದ?" ರೇವಣಪ್ಪನ ದನಿ ಕ್ಯಾಮೆರಾದ ತೂತಿನಿಂದ ಬಂದ ಹಾಗೆ ಸಣ್ಣಗಿತ್ತು.

ಗನಿ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಹೇಳಿದ: "ಪೆಟ್ಟಿಗಿ ಅಂದ್ರ ಎಂಥಾ ಪೆಟ್ಟಿಗಿ ರೇವಣಪ್ಪಾ! ಇಬ್ಬರು ಹಮಾಲರು ಎತ್ತಬೇಕು. ನನ್ನ ಕುದ್ರಿ ಸಾಯ್ತಿತ್ತು. ಒಳಗ ಏನದ ಸಾಹೇಬ ಅಂದೆ, ಫೋಟೋ ಸಾಮಾನು ಅಂದ್ರು. ನಾ ಹೇಳಿದೆ, ಅರೆ, ನಮ್ಮ ರೇವಣಪ್ಪನ ಮನ್ಯಾಗ ಇದರ ದುಪ್ಪಟ್ಟು ಅದ, ಇಡೀ ಊರು ಪೂಜಿಗಿಟ್ಟದ್ದು ನೋಡಿ ಬಂದದ! ನಿನ್ನ ಮರ್ಯಾದಿ ಕಾಪಾಡೀನಿ ನೋಡು."

"ಅದಕ್ಕ ಛಲೋನೇ ಆತು," ಎಂದರು ರಾಯರು. "ಎದುರಿನ ಗಾಡಿ ಅಲ್ಲೇ ನಿಂತಿತ್ತು. ಗಾರ್ಡ್ ನಮ್ಮ ಗುರ್ತಿನಾಂವ. ಪೆಟ್ಟಿಗಿ ಚಿತ್ತಾಪುರದ ಗುರುರಾಜಗ ಕೊಟ್ಟುಬಿಡಪ್ಪಾ ಅಂತ ಹತ್ತಿಸಿ ಬಂದೆ. ಪಾಪ, ಅವನ ಬಲ್ಲಿ ಏನೂ ಇಲ್ಲ."

ರೇವಣಪ್ಪ ಪಟ್ಟಿಯ ಕಡೆ ಬೊಟ್ಟು ಮಾಡಿದ. ಆಮೇಲೆ ಪೇಶಕಾರರನ್ನೂ ಲೆಕ್ಕಿಸದೆ ಕೂಗಿದ:

"ನನ್ನ ಬಲ್ಲಿನೂ ಏನೂ ಇಲ್ರಿ ರಾಯರ! ಅದು ನೀವು ಬರೀ ಅಂದ ಪಟ್ಟಿ! ಆ ಮಣಿ ಮ್ಯಾಲಿನ ಡಬ್ಬಿ ಬಿಟ್ರ ನನ್ನದು ಅಂಬೋದು ಒಂದೂ ಇಲ್ಲ!"

ಪೇಶಕಾರರು ನಿಧಾನವಾಗಿ ಎದ್ದು ಟೋಪಿ ಸರಿಮಾಡಿಕೊಂಡರು. "ಹಂಗಂದ್ರ ಕತ್ತಲದಾಗ ಹೊಡಿಯೋದು ಚಿತ್ತಾಪುರದಾಂವ ಅಂತಾತು. ಏನಂದ್ರಿ ಅವನ ಹೆಸರು? ಗುರುರಾಜ ಏನು?" ಎಂದು ರಾಯರನ್ನೇ ಕೇಳಿ ತಿಳಿದುಕೊಂಡು ಹೊರಟುಹೋದರು.

ರಾಯರಿಗೆ ಬಹಳ ಕೆಡುಕೆನಿಸಿತು. "ಆ ಪಟ್ಟಿನಾದ್ರೂ ಕೊಡಪಾ. ಹೈದರಾಬಾದದಾಗ ಹಳೇ ಗೆಳೆಯರು ಅದಾರ, ತೋರಿಸಿ ನೋಡ್ತೀನಿ," ಎಂದು ಕೈ ಚಾಚಿದರು.

"ಮುಟ್ಟಬ್ಯಾಡ್ರೀ!" ಬಾಗಿಲ ಹಿಂದಿನಿಂದ ರತ್ನಾಬಾಯಿ ಚೀರಿದಳು. "ನಾಳಿ ಬನ್ನಿ ಮುಡದ ಮ್ಯಾಲೆ!"

"ಬರಕೊಳ್ರಿ ರಾಯರ, ನಾ ಹೇಳ್ತೀನಿ," ಎಂದ ರೇವಣಪ್ಪ.

ರಾಯರು ಜೇಬು ತಡವಿದರು, ಚೀಲ ತಡವಿದರು. "ಪೆನ್ನು ಪೆಟ್ಟಿಗ್ಯಾಗ ಹೋತಲ್ಲೋ," ಎಂದರು.

ಸಂಜೆ ಅವರ ಟಾಂಗಾ ಓಣಿ ದಾಟುವ ತನಕ ರೇವಣಪ್ಪ ಅದರ ಪಕ್ಕದಲ್ಲೇ ಓಡುತ್ತ ಪಟ್ಟಿಯನ್ನು ಬಾಯಿಪಾಠ ಒಪ್ಪಿಸಿದ. ಎನ್‌ಲಾರ್ಜರಿಗೆ ಬರುವಷ್ಟರಲ್ಲಿ ದಮ್ಮು ಹತ್ತಿ ನಿಂತ. ಪುಸ್ತಕ ಹೇಳುವುದು ಉಳಿದೇಹೋಯಿತು.

ಮನೆಗೆ ಬಂದಾಗ ಶಿವಕಾಂತಮ್ಮ ಹೋಳಿಗೆಯ ತಾಟಿನೊಂದಿಗೆ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಒಂದು ಹೋಳಿಗೆ ಅವನ ಕೈಗೆ ಹಾಕಿ, ತಲೆ ಸವರಿದಳು.

"ಹೋಗ್ಲಿ ಬಿಡೋ ರೇವಣ್ಯಾ. ಅಷ್ಟೆಲ್ಲ ಇಟಗೊಂಡಾಂವಗ ಇನ್ನೊಂದು ಪೆಟ್ಟಿಗಿ ಯಾತಕ್ಕ?"