ಒಂದೇ ಆಳಿನ ಮಸ್ಟರು

...ಆ ಬೆಳಿಗ್ಗೆ ಭಾವ ಆಳನ್ನು ಕರೆಯಲು ಸೀಟಿ ಊದಿದರೋ, ತಟ್ಟೆ ಬಡಿದರೋ, ಅದೇ ಈಗ ನೆನಪಾಗುತ್ತಿಲ್ಲ. ಸೀಟಿ ಎಂದೇ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅಕ್ಕ ಮಾತ್ರ, "ನಮ್ಮನೇಲಿ ಸೀಟಿ ಎಲ್ಲಿತ್ತೋ ಮಾರಾಯ?" ಎನ್ನುತ್ತಾಳೆ. ಹೇಳಿ ಹೇಳಿ ನುಣುಪಾದ ಕಥೆಯನ್ನು ನಾನೇ ನಂಬುವುದಿಲ್ಲ. ಆದರೆ ಒಂದಂತೂ ನಿಜ: ನನ್ನ ಭಾವನಷ್ಟು ಕಟುವಾದ ಧಣಿ ಮೂಡಿಗೆರೆ ಸುತ್ತ ಇನ್ನೊಬ್ಬರಿಲ್ಲ, ಅವರ ಕೈಕೆಳಗಿನ ಒಬ್ಬನೇ ಆಳಿನಷ್ಟು ಸೋಮಾರಿಯೂ ಇಲ್ಲ. ಇಬ್ಬರೂ ಒಬ್ಬರೇ ಎಂದು ಗೊತ್ತಾದ ಬೆಳಿಗ್ಗೆ ನನ್ನ ಕೈಯ ಕಾಫಿ ಚೆಲ್ಲಿತು!

ಭಾವ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದವರು. ಆಳುಗಳ ಹಾಜರಿ, ಕೊಯ್ಲಿನ ತೂಕ ಬರೆಯುವ ಕೆಲಸ. ಅಲ್ಲಿನ ಕಂಪ್ಯೂಟರಿನಲ್ಲೇ ಪ್ರೋಗ್ರಾಂ ಬರೆಯುವುದನ್ನೂ ತಾವಾಗಿ ಕಲಿತರು. ಎಸ್ಟೇಟು ಮಾರಾಟವಾಗಿ ರೆಸಾರ್ಟ್ ಆದಾಗ ಹೊಸಬರು ಗೇಟು ಕಾಯುವ ಕೆಲಸ ಕೊಡುತ್ತೇವೆಂದರು. "ಇನ್ನು ನಾನು ಯಾರ ಆಳೂ ಅಲ್ಲ, ಕಂಪ್ಯೂಟರ್ ಕಂಟ್ರಾಕ್ಟರ್!" ಎಂದರು ಭಾವ. ಹೊರನಾಡಿನ ಒಂದು ಲಾಡ್ಜಿಗೆ ರೂಮು ಕಾದಿರಿಸುವ ಪ್ರೋಗ್ರಾಂ ಮಾಡುವ ಕೆಲಸ ಸಿಕ್ಕಿತು. ಮೊದಲ ತಿಂಗಳು ಪರೀಕ್ಷೆ. ಸರಿಹೋದರೆ ವರ್ಷದ ಕಂಟ್ರಾಕ್ಟು, ಕೆಟ್ಟರೆ ಗೇಟು.

ಆ ತಿಂಗಳಲ್ಲೇ ನಾನು ಅಕ್ಕನ ಮನೆಗೆ ಹೋಗಿದ್ದು. ಬೆಳಿಗ್ಗೆ ಅಂಗಳದಲ್ಲಿ ಸೀಟಿಯದೋ ತಟ್ಟೆಯದೋ ಸದ್ದು, ಹಿಂದೆಯೇ "ಮಸ್ಟರ್!" ಎಂಬ ಕೂಗು. ಎಸ್ಟೇಟುಗಳಲ್ಲಿ ಆಳುಗಳನ್ನು ಹಾಜರಿಗೆ ಕರೆಯುವ ಕೂಗು ಅದು. ನೋಡಿದರೆ ಟೋಪಿ ಹಾಕಿಕೊಂಡ ಭಾವ!

"ಏನೋ, ನಿನ್ನೆ ಕೆಲಸ ಯಾಕೆ ಮುಗೀಲಿಲ್ಲ?"

ಎದುರಿಗೆ ಯಾರೂ ಇಲ್ಲ. ಭಾವ ಟೋಪಿ ತೆಗೆದು, ಆಚೆ ಬದಿಗೆ ಹೋಗಿ ನಿಂತು ತಲೆ ಕೆರೆದುಕೊಂಡರು. "ಕರೆಂಟ್ ಇರ್ಲಿಲ್ಲ ರೈಟರೇ."

ಮತ್ತೆ ಈಚೆಗೆ ಬಂದು ಟೋಪಿ. "ಗಾಳಿ ಬಂದ್ರೆ ಕರೆಂಟ್ ಹೋಗುತ್ತೆ ಅಂತ ಇವತ್ತು ಗೊತ್ತಾಯ್ತಾ? ಹೋಗು, ಕೂತ್ಕೋ!"

ಬೈಸಿಕೊಂಡವರು ಸಪ್ಪೆ ಮುಖದಲ್ಲಿ ಒಳಗೆ ಹೋಗಿ ಲ್ಯಾಪ್‌ಟಾಪ್ ತೆರೆದರು.

"ಅಕ್ಕಾ, ಇದೇನೇ?!"

"ಇದೇನು ಮಹಾ! ಅತ್ತಿಗುಂಡಿ ಊರಲ್ಲಿ ಮದುವೆ ಇತ್ತು, ಬನ್ನಿ ಅಂದ್ರೆ ರಜೆ ಸಿಕ್ಕಿಲ್ಲ ಅಂದ್ರು. ಯಾರು ಕೊಡ್ಲಿಲ್ಲ ಅಂದೆ. ರೈಟರು ಅಂದ್ರು. ಕರೀರಿ ಆ ರೈಟರನ್ನ, ನಾನೇ ಕೇಳ್ತೀನಿ ಅಂದೆ. ಟೋಪಿ ಹಾಕ್ಕೊಂಡು ಬಂದು, 'ಹೆಂಡ್ತಿ ಕೈಲಿ ಶಿಫಾರಸು ಮಾಡಿಸ್ತಾನಾ? ಆಗೋದಿಲ್ಲಮ್ಮ' ಅನ್ನೋದಾ!"

ಮದುವೆಗೆ ಅವಳೊಬ್ಬಳೇ ಹೋಗಿದ್ದಳಂತೆ.

ನಾನು ಹೊರಡುವ ಮುನ್ನಾ ದಿನ ಬೆಳಿಗ್ಗೆ ಲಾಡ್ಜಿನ ಯಜಮಾನರ ಜೀಪು ಬಂದು ನಿಂತಿತು. "ರೈಟರೇ, ಒಂದೇ ರೂಮಿಗೆ ಎರಡು ಸಂಸಾರ ಬಿಟ್ಟಿದ್ದೀರಲ್ಲ! ರಾತ್ರಿಯಿಂದ ಒಂದೇ ಮಂಚಕ್ಕೆ ಇಬ್ಬರು ಅಜ್ಜಿಯರು ಜಗಳ ಆಡ್ತಿದ್ದಾರೆ!"

ತಪ್ಪು ಸಿಕ್ಕಿತು. ಎಸ್ಟೇಟಿನಲ್ಲಿ ಸಂಜೆ ಕೆಲಸ ಬಿಟ್ಟ ಮೇಲೆ ಬಂದದ್ದೆಲ್ಲ ಮರುದಿನದ ಲೆಕ್ಕ. ಭಾವ ಪ್ರೋಗ್ರಾಮಿಗೂ ಅದನ್ನೇ ಕಲಿಸಿದ್ದರು! ಕತ್ತಲಾದ ಮೇಲೆ ಬರುವ ಯಾತ್ರಿಕರೆಲ್ಲ ಅದರ ಪ್ರಕಾರ ನಾಳೆ ಬರುವವರು; ಇವತ್ತು ಅವರ ರೂಮು ಖಾಲಿ ಎಂದು ಅದನ್ನೇ ಇನ್ನೊಬ್ಬರಿಗೂ ಕೊಟ್ಟಿತ್ತು.

ಭಾವ ಟೋಪಿ ಹುಡುಕಿ ಹಾಕಿಕೊಂಡರು. "ಒಂದ್ನಿಮಿಷ" ಎಂದು ಅಂಗಳಕ್ಕಿಳಿದು ಆಳಿಗೆ ಬೈದರು. ಆಚೆ ನಿಂತು ತಲೆ ತಗ್ಗಿಸಿದರು. ಜಗಲಿಯಲ್ಲಿದ್ದ ಯಜಮಾನರು ಎಲ್ಲವನ್ನೂ ಬಾಯಿ ಬಿಟ್ಟು ನೋಡುತ್ತಿದ್ದರು.

ಟೋಪಿ ಹಾಕಿಕೊಂಡು ಮೇಲೆ ಬಂದ ಭಾವ, "ಅವನನ್ನ ಕೆಲಸದಿಂದ ತೆಗೆದಿದ್ದೀನಿ" ಎಂದರು.

ತನ್ನನ್ನು ತಾನೇ ಕೆಲಸದಿಂದ ತೆಗೆದುಹಾಕಿಕೊಂಡ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

"ಮತ್ತೆ ಇದನ್ನ ಸರಿ ಮಾಡೋರು ಯಾರು?" ಎಂದರು ಯಜಮಾನರು.

"ಬೇರೆ ಜನ ನೋಡ್ಕೊಳ್ಳಿ."

ಯಜಮಾನರು ಅಂಗಳದ ಖಾಲಿ ಜಾಗವನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿ, "ಒಂದು ತಪ್ಪಿಗೆ ಯಾರಾದ್ರೂ ತೆಗೆದು ಹಾಕ್ತಾರಾ ರೈಟರೇ? ಪಾಪ, ಹೊಸಬ. ಇನ್ನೊಂದು ಸಲ ನೋಡಿ" ಎಂದರು.

ಮಧ್ಯಾಹ್ನದೊಳಗೆ ಪ್ರೋಗ್ರಾಂ ಸರಿಹೋಯಿತು. ವರ್ಷದ ಕಂಟ್ರಾಕ್ಟೂ ಸಿಕ್ಕಿತು.

"ಎಂಥ ಉಪಾಯ ಮಾಡಿದ್ರಿ ಭಾವ!" ಎಂದೆ.

"ಉಪಾಯ ಎಲ್ಲಿ ಬಂತು ಮಾರಾಯ? ನಿಜಕ್ಕೂ ತೆಗೆದಿದ್ದೆ. ನಾಳೆ ಗೇಟಿಗೆ ಹೋಗಿ ನಿಲ್ಲೋದು ಅಂತಲೇ ಇದ್ದೆ." ಟೋಪಿ ತೆಗೆದು ಪಕ್ಕಕ್ಕಿಟ್ಟು, "ಎಸ್ಟೇಟು ಮಾರಿದಾಗ ಇವನನ್ನ ಇಟ್ಕೊಳ್ಳಿ ಅಂತ ಒಬ್ಬರೂ ಹೇಳಿರ್ಲಿಲ್ಲ ನೋಡು" ಎಂದರು.

ಯಜಮಾನರು ಹಾಗೆ ಕೇಳಿಕೊಂಡಿದ್ದು ತಮ್ಮ ಕೆಲಸ ಆಗಲೆಂದೋ, ಹುಚ್ಚನ ಜೊತೆ ಜಗಳ ಯಾಕೆಂದೋ, ಅಥವಾ ಆ ಖಾಲಿ ಜಾಗದಲ್ಲಿ ಅವರಿಗೆ ನಿಜವಾಗಿ ಯಾರಾದರೂ ಕಂಡರೋ, ನನಗೆ ಗೊತ್ತಿಲ್ಲ. ಅವರನ್ನು ಕೇಳುವ ಧೈರ್ಯವೂ ಆಗಿಲ್ಲ.