ಅಜ್ಜಂಪುರದಲ್ಲಿ ಮುನಿಸಿಕೊಂಡ ಹೆಂಡತಿ

ನಾಟಕವೆಂದರೆ ಪರದೆ, ಮೈಕು, ಮುಂದಿನ ಸಾಲಿನಲ್ಲಿ ಸೋಫಾ ಇರಲೇಬೇಕು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕಡೂರಿನಲ್ಲಿ ಗಣಿತದ ಮೇಷ್ಟ್ರಾಗಿರುವ ನಾನು ಹಟ ಹಿಡಿದು, ಊರಿನ ಬೀದಿಯಲ್ಲೇ ನಡೆಯುವ ನಾಟಕವೊಂದನ್ನು ಬರೆದೆ. ಕತೆ ಸಣ್ಣದು. ಗಂಡನ ಮೇಲೆ ಮುನಿಸಿಕೊಂಡು ಹೆಂಡತಿ ಮನೆ ಬಿಟ್ಟಿದ್ದಾಳೆ. ಪ್ರೇಕ್ಷಕರು ಗಂಡನ ಜೊತೆ ಅಲೆದು, ಅಂಗಡಿಯವರನ್ನು ವಿಚಾರಿಸಿ ಅವಳನ್ನು ಹುಡುಕಬೇಕು. ಸಮಾಧಾನ ಹೇಳಿ ಮನೆಗೆ ಕಳಿಸಬೇಕು. ಗಂಡ ನಾನೇ. ಹೆಂಡತಿಯ ಪಾತ್ರಕ್ಕೆ ಬೇರೆ ಯಾರೂ ಒಪ್ಪದ್ದರಿಂದ ನನ್ನ ಹೆಂಡತಿ ಶಾರದೆಯೇ ನಿಂತಳು. ಮುನಿಸಿನ ಅಭಿನಯಕ್ಕೆ ಅವಳಿಗೆ ತಾಲೀಮು ಬೇಕಾಗಲಿಲ್ಲ.

ಕಡೂರಿನಲ್ಲಿ ಎಲ್ಲವೂ ಸಲೀಸಾಗಿ ನಡೆಯಿತು. ರೈಲ್ವೆ ಸ್ಟೇಷನ್ ಬಳಿಯಿಂದ ಹೊರಟ ಜನ ಕೊಬ್ಬರಿ ಮಂಡಿಯ ಹಿಂದೆ ಅವಳನ್ನು ಪತ್ತೆಹಚ್ಚಿ, "ಹೋಗವ್ವಾ, ಗಂಡಸ್ರು ಇರೋದೇ ಹಂಗೆ" ಎಂದು ಕಳಿಸಿಕೊಟ್ಟರು. ತರೀಕೆರೆಯಲ್ಲಿ ಮಂಡಿಯ ಬದಲು ಬಸ್‌ಸ್ಟ್ಯಾಂಡ್ ಹಿಡಿದೆವು. ಅಲ್ಲಿ ಕಂಡಕ್ಟರನೊಬ್ಬ ಇದು ನಾಟಕವೆಂದು ತಿಳಿಯದೆ ಅವಳನ್ನು ಬೀರೂರು ಬಸ್ಸಿಗೆ ಹತ್ತಿಸಿ "ರೈಟ್" ಅಂದುಬಿಟ್ಟ. ನಾನೂ ಪ್ರೇಕ್ಷಕರೂ ಕೂಗುತ್ತ ಬಸ್ಸಿನ ಹಿಂದೆ ಓಡಿದೆವು. ರಸ್ತೆಯ ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಇದನ್ನು ನೋಡಲು ಬೆಂಗಳೂರಿನಿಂದ ರಂಗತಜ್ಞರೊಬ್ಬರು ಬಂದಿದ್ದರು. ನಮ್ಮ ಮುಂದಿನ ಊರು ಅಜ್ಜಂಪುರ ಎಂದು ತಿಳಿದು, "ಅಜ್ಜಂಪುರ ಕೈಬಿಡಿ ಮೇಷ್ಟ್ರೇ. ಅಷ್ಟು ಸಣ್ಣ ಊರಲ್ಲಿ ಇಂಥದ್ದು ಯಾರಿಗೆ ಅರ್ಥವಾಗುತ್ತೆ?" ಅಂದರು. ನನಗೆ ರೇಗಿತು. "ಅಲ್ಲೇ ಮಾಡ್ತೀನಿ ಸಾರ್. ನೀವೂ ಬಂದು ನೋಡಿ" ಅಂದೆ.

ಅಜ್ಜಂಪುರದಲ್ಲಿ ಶಾರದೆಯನ್ನು ಫಾತಿಮಾಬಿ ಎಂಬ ಹಿರಿಯರೊಬ್ಬರ ಮನೆ ಜಗಲಿಯ ಮೇಲೆ ಕೂರಿಸುವುದೆಂದು ಅವರ ಒಪ್ಪಿಗೆ ಪಡೆದಿದ್ದೆವು. ನಾವು ದಂಡು ಕಟ್ಟಿಕೊಂಡು ತಲುಪುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಅವಳ ಸುತ್ತ ನೆರೆದಿದ್ದರು. ನಾನು ಬಾಯಿಪಾಠದ ಮಾತು ಒಪ್ಪಿಸಿದೆ: "ಬಾರೇ, ಮನೆಗೆ ಹೋಗೋಣ."

"ಯಾಕ್ ಬರ್ಬೇಕು?" ಎಂದರು ಫಾತಿಮಾಬಿ. "ಅವ್ಳು ಯಾಕ್ ಮುನಿಸ್ಕೊಂಡವ್ಳೆ ಅಂತ ಕೇಳಿದ್ಯೇನಪ್ಪಾ?"

ಮುನಿಸಿನ ಕಾರಣವನ್ನು ನಾನು ಬರೆದೇ ಇರಲಿಲ್ಲ. ಹಿಂದಿನ ಎರಡೂ ಊರುಗಳಲ್ಲಿ ಯಾರೂ ಕೇಳಿರಲಿಲ್ಲ.

"ನಾನ್ ಹೇಳ್ತೀನಿ ತಾಳಿ" ಎಂದಳು ಶಾರದೆ. ಹೇಳಿಯೇಬಿಟ್ಟಳು. ತಾನು ಜ್ವರದಲ್ಲಿ ಒಬ್ಬಳೇ ಆಸ್ಪತ್ರೆಗೆ ಹೋಗಿ ಬಂದಿದ್ದು, ಆವತ್ತೂ ನಾನು ತಾಲೀಮು ಬಿಡದಿದ್ದದ್ದು, ರಾತ್ರಿ ಬಂದವನು ಊಟಕ್ಕೇನು ಎಂದಷ್ಟೇ ಕೇಳಿದ್ದು. "ಅದ್ಭುತ ಅಭಿನಯ!" ಎಂದು ತಜ್ಞರು ನನ್ನ ಕಿವಿಯಲ್ಲಿ ಉಸುರಿದರು. ಅದರಲ್ಲಿ ಅಭಿನಯ ಒಂದಿಷ್ಟೂ ಇಲ್ಲವೆಂದು ನನಗೆ ಮಾತ್ರ ಗೊತ್ತಿತ್ತು.

"ಇವತ್ತು ಕಳ್ಸಲ್ಲ ಕಣಪ್ಪಾ" ಎಂದು ಫಾತಿಮಾಬಿ ಅವಳ ಕೈಹಿಡಿದು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು.

"ಕೊನೆ ಎಲ್ಲ ಊರಲ್ಲೂ ಒಂದೇ ಇರಬೇಕು. ಅವಳು ಗಂಡನ ಜೊತೆ ಹೋಗಲೇಬೇಕು. ತಿದ್ದಿ" ಎಂದರು ತಜ್ಞರು, ಕಾರು ಹತ್ತುತ್ತ.

"ತಿದ್ದಲ್ಲ ಸಾರ್" ಎಂದೆ, ಇಡೀ ಬೀದಿಗೆ ಕೇಳುವಂತೆ. "ಇನ್ಮೇಲೆ ಯಾವ ಊರಲ್ಲಾದ್ರೂ ಅಷ್ಟೇ. ಅವಳು ಬರಲ್ಲ ಅಂದ್ರೆ ಬರಲ್ಲ!"

ಹೆಂಗಸರು ಚಪ್ಪಾಳೆ ತಟ್ಟಿದರು. ಎದೆಯುಬ್ಬಿಸಿಕೊಂಡು ಹೋಗಿ ಬಾಗಿಲು ತಟ್ಟಿದೆ.

"ಯಾರದು?"

"ಶಾರದೆಯ ಗಂಡ."

"ನಾಟಕದೋನಾ, ನಿಜದೋನಾ?" ಎಂದು ಒಳಗಿನಿಂದ ಕೇಳಿದ್ದು ಫಾತಿಮಾಬಿಯಲ್ಲ, ಶಾರದೆ.

ಇಷ್ಟು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕುತ್ತ ಬಂದವನು ಉತ್ತರ ಗೊತ್ತಾಗದೆ ಹೊಸ್ತಿಲ ಹೊರಗೇ ನಿಂತೆ.